ಸರದಿ ಸೈಕಲ್ ಸ್ಪರ್ಧೆಗೆ ಮೊದಲ ಬಾರಿ ಇಳಿಯುವವರಿಗೆ

ಮಳೆಗಾಲ ಮುಗಿದು ಗದ್ದೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿಕಾರಿಪುರ, ಸೊರಬದ ಕಡೆ ಮೈದಾನಗಳು ತುಂಬತೊಡಗುತ್ತವೆ. ಕಬಡ್ಡಿ, ವಾಲಿಬಾಲ್, ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬ, ಹೀಗೆ ಬೇಸಿಗೆಯವರೆಗೂ ಒಂದಲ್ಲ ಒಂದು ನಡೆದೇ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು ದಪ್ಪ ಟೈರಿನ ಗೇರ್ ಸೈಕಲ್ ಏರಿ ರಜೆಯಲ್ಲಿ ಅಂಜನಾಪುರ ಜಲಾಶಯದ ದಾರಿ, ಚಂದ್ರಗುತ್ತಿಯ ತಪ್ಪಲು ಎಂದು ಸುತ್ತುತ್ತಾರೆ. ಮೂರು ನಾಲ್ಕು ಜನ ಸೇರಿ ಒಂದು ತಂಡ ಕಟ್ಟಿಕೊಂಡು ಎಲ್ಲೋ ನಡೆಯುವ ಗುಡ್ಡಗಾಡು ಸ್ಪರ್ಧೆಗೆ ಹೆಸರು ಕೊಟ್ಟು, ಅದರ ಹಿಂದಿನ ವಾರ ದವಾಖಾನೆಗೆ ಬಂದು "ಡಾಕ್ಟ್ರೇ, ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು" ಎನ್ನುತ್ತಾರೆ. ಸರ್ಟಿಫಿಕೇಟಿಗೆ ಸಹಿ ಹಾಕಲು ಎರಡು ನಿಮಿಷ ಸಾಕು. ಆದರೆ ಅವರಿಗೆ ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವುದಿಲ್ಲ.

ಸರದಿ ಸ್ಪರ್ಧೆಯೆಂದರೆ ಓಟದ ರಿಲೇ ಇದ್ದ ಹಾಗೆ. ತಂಡದ ಒಬ್ಬ ಒಂದು ಸುತ್ತು ಮುಗಿಸಿ ಬಂದ ಮೇಲೆ ಮುಂದಿನವನು ಹೊರಡಬೇಕು. ನಿಗದಿಯಾದ 6, 12 ಅಥವಾ 24 ಗಂಟೆಗಳಲ್ಲಿ ಹೆಚ್ಚು ಸುತ್ತು ಮುಗಿಸಿದ ತಂಡಕ್ಕೆ ಜಯ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಕಾನಾನ್ ಕಣಿವೆಯಲ್ಲಿ 1992ರಲ್ಲಿ ನಡೆದ 24 ಗಂಟೆಗಳ ಸ್ಪರ್ಧೆಯ ನಂತರ ಈ ಬಗೆ ಜನಪ್ರಿಯವಾಯಿತು. ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಷಿಪ್‌ನಲ್ಲಿ 1999ರಿಂದ ಚಿಕ್ಕ ದೂರದ ತಂಡ ಸರದಿಯೂ ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಬಹುಕಾಲದಿಂದ ಸೈಕಲ್ ಪಟುಗಳಿಗೆ ಹೆಸರಾದವು. 2021ರಲ್ಲಿ ಗದಗದ ಬಿಂಕದಕಟ್ಟಿಯ ಬಳಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೇ ನಡೆಯಿತು. ಡಾಂಬರು ರಸ್ತೆಯ ಸರದಿಗೆ ದೊಡ್ಡ ಉದಾಹರಣೆ ನಾಸಿಕದ ವೈದ್ಯ ಸಹೋದರರಾದ ಮಹೇಂದ್ರ ಮತ್ತು ಹಿತೇಂದ್ರ ಮಹಾಜನ್ ಅವರದು. ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗಿನ ಸುಮಾರು 4,800 ಕಿ.ಮೀ. ದೂರವನ್ನು ಅವರಿಬ್ಬರೇ ಸರದಿಯ ಮೇಲೆ ತುಳಿದು, 2015ರಲ್ಲಿ 9 ದಿನಗಳೊಳಗೆ ಮುಗಿಸಿದರು. ಅವರು ಅದಕ್ಕೆ ಹೊರಟದ್ದು ವರ್ಷಗಳ ಅಭ್ಯಾಸದ ನಂತರ. ನಮ್ಮ ಹುಡುಗರು ಹೊರಡುವುದು ಸಾಮಾನ್ಯವಾಗಿ ಒಂದೂವರೆ ತಿಂಗಳ ಉತ್ಸಾಹದ ಮೇಲೆ.

ಹೊಸಬರೆಲ್ಲರೂ ಹೇಳುವ ಮಾತು ಒಂದೇ: "ನಾಲ್ಕು ಜನ ಇದ್ದೇವೆ, ಒಬ್ಬೊಬ್ಬನಿಗೆ ಎಷ್ಟು ಬಂತು ಮಹಾ?" ಲೆಕ್ಕ ಹಾಕಿ ನೋಡೋಣ. ಒಂದು ಸುತ್ತಿಗೆ 45 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 12 ಗಂಟೆಯಲ್ಲಿ 16 ಸುತ್ತು, ಅಂದರೆ ಒಬ್ಬೊಬ್ಬರಿಗೆ 4 ಸುತ್ತು, ಒಟ್ಟು 3 ಗಂಟೆಯ ತುಳಿತ. ನಡುನಡುವೆ ಎರಡೂಕಾಲು ಗಂಟೆ ಬಿಡುವು. ಕೇಳಲು ಸುಲಭವೇ. ಆದರೆ ಒಬ್ಬನೇ ಇಡೀ ದಿನ ತುಳಿಯುವವನು ತನ್ನ ಶಕ್ತಿಯನ್ನು ಅಳೆದು ಸುರಿದು ಖರ್ಚು ಮಾಡುತ್ತಾನೆ. ಸರದಿಯವನಿಗೆ ಆ ತಾಳ್ಮೆ ಇರುವುದಿಲ್ಲ. ಮುಂದಿನವನು ಗೆರೆಯ ಬಳಿ ಕಾಯುತ್ತಿದ್ದಾನೆ, ಪಕ್ಕದ ತಂಡದವನು ಹಿಂದೆಯೇ ಇದ್ದಾನೆ ಎಂಬ ಆತುರದಲ್ಲಿ ಮೊದಲ ಏರಿನಲ್ಲೇ ಹೃದಯಬಡಿತ ಮೇಲಿನ ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಸುತ್ತು ಮುಗಿದ ಕೂಡಲೇ ಸೈಕಲ್ ಬಿಟ್ಟು ಕೂರುತ್ತಾನೆ. ಬೆವರು ಆರುತ್ತದೆ, ಸ್ನಾಯುಗಳು ತಣ್ಣಗಾಗಿ ಬಿಗಿಯುತ್ತವೆ. ಎರಡು ಗಂಟೆಯ ನಂತರ ಅದೇ ಬಿಗಿದ ಕಾಲುಗಳಿಂದ ಮತ್ತೆ ಪೂರ್ಣ ವೇಗ. ದೇಹಕ್ಕೆ ಕಷ್ಟ ಕೊಡುವುದು ದೂರಕ್ಕಿಂತ ಹೆಚ್ಚಾಗಿ ಹೀಗೆ ಮತ್ತೆ ಮತ್ತೆ ಬಿಸಿಯಾಗಿ ತಣ್ಣಗಾಗುವುದು.

ತಂಡದಲ್ಲಿ ಒಬ್ಬ ಬಿದ್ದರೆ ಅಥವಾ ಸುಸ್ತಾದರೆ ಉಳಿದ ಮೂವರ ಬಿಡುವು ಒಂದೂವರೆ ಗಂಟೆಗೆ ಇಳಿಯುತ್ತದೆ. ಇದನ್ನು ಎಲ್ಲರೂ ಬಲ್ಲರು. ಆದ್ದರಿಂದಲೇ ಎದೆ ಹಿಡಿದುಕೊಂಡವನು, ತಲೆ ಸುತ್ತಿದವನು ಗೆಳೆಯರಿಗೆ ಹೊರೆಯಾಗಬಾರದೆಂದು ಬಾಯಿ ಬಿಡುವುದಿಲ್ಲ. ವೈದ್ಯನಾಗಿ ನನಗೆ ಈ ಸ್ಪರ್ಧೆಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಏರು ಇಳಿಜಾರಲ್ಲ, ಈ ಸಂಕೋಚ. ಹೆಸರು ನೋಂದಾಯಿಸುವ ದಿನವೇ ತಂಡದವರು ಒಂದು ಮಾತು ಮಾಡಿಕೊಳ್ಳಬೇಕು: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ತನ್ನ ಸರದಿ ಬಿಡಬಹುದು, ಉಳಿದವರು ಅದನ್ನು ಪ್ರಶ್ನಿಸಬಾರದು, ಆಮೇಲೆ ಹಾಸ್ಯವನ್ನೂ ಮಾಡಬಾರದು.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ಇಪ್ಪತ್ತೈದರ ಆರೋಗ್ಯವಂತ ಯುವಕನಿಗೆ ದೊಡ್ಡ ಪರೀಕ್ಷೆಗಳ ಅಗತ್ಯವಿಲ್ಲ. ಆದರೆ ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಬೇಕು. ಏರು ಹತ್ತುವಾಗ, ಮೂಟೆ ಹೊರುವಾಗ ಎದೆ ಬಿಗಿದದ್ದುಂಟೇ? ಶ್ರಮದ ನಡುವೆ ಎಚ್ಚರ ತಪ್ಪಿದ್ದುಂಟೇ? ಕಾರಣವಿಲ್ಲದೆ ಎದೆ ಡವಗುಟ್ಟುವುದುಂಟೇ? ಮನೆತನದಲ್ಲಿ 50 ವರ್ಷದೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ಹೌದೆಂದರೂ ಇ.ಸಿ.ಜಿ. ಮತ್ತು ಹೃದಯದ ಎಕೋ ಪರೀಕ್ಷೆ ಆಗುವವರೆಗೆ ಸ್ಪರ್ಧೆ ಬೇಡ. 35 ದಾಟಿದವರು, ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಲಕ್ಷಣಗಳಿಲ್ಲದಿದ್ದರೂ ವೈದ್ಯರನ್ನು ಕಾಣಬೇಕು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಸ್ಪರ್ಧೆಯ ದಿನದ ಪ್ರಮಾಣವನ್ನು ಕೇಳಿಕೊಳ್ಳದೆ ಹೋದರೆ ಸಕ್ಕರೆ ಇಳಿದು ದಾರಿಯಲ್ಲೇ ಬೀಳುವ ಅಪಾಯವಿದೆ. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. "ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಾಲದು" ಎನ್ನುವವರಲ್ಲಿ ರಕ್ತಹೀನತೆ ಇರುವುದು ಅಪರೂಪವೇನಲ್ಲ.

ಜ್ವರದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬರೀ ಮೂಗು ಸೋರುವ ನೆಗಡಿಯಾದರೆ ನಿಧಾನವಾಗಿ ಸೈಕಲ್ ಓಡಿಸಬಹುದು. ಮೈ ಬಿಸಿಯಿದ್ದರೆ, ಮೈಕೈ ನೋವಿದ್ದರೆ, ಎದೆಯಲ್ಲಿ ಕಫ ಕಟ್ಟಿದ್ದರೆ ಸ್ಪರ್ಧೆ ಬಿಡಬೇಕು. ಕೆಲವು ವೈರಸ್ ಜ್ವರಗಳಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ಬಂದಿರುತ್ತದೆ. ಆಗ ತೀವ್ರ ಶ್ರಮ ಮಾಡಿದರೆ ಬಡಿತದ ಲಯ ತಪ್ಪಿ ಸಾವು ಸಂಭವಿಸಬಹುದು. ಎರಡು ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಹೊರಡುವುದು ಥರ್ಮಾಮೀಟರಿಗೆ ಮಾಡುವ ಮೋಸ, ಹೃದಯಕ್ಕಲ್ಲ.

ಅಭ್ಯಾಸ

ಮೂರು ತಿಂಗಳಾದರೂ ಬೇಕು. ವಾರಕ್ಕೆ 4 ದಿನ, ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ. ಜೊತೆಗಾರನೊಡನೆ ಮಾತಾಡುತ್ತಾ ತುಳಿಯಬಲ್ಲ ವೇಗ ಇರಲಿ. ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ಪ್ರತಿ ವಾರ ಒಟ್ಟು ಸಮಯವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಏರಿಸಿದರೆ ಸಾಕು. ಎಂಟನೆಯ ವಾರದ ನಂತರ ನಿಜವಾದ ಸರದಿಯ ಅಭ್ಯಾಸ ಬೇಕು. ಭಾನುವಾರ ಬೆಳಿಗ್ಗೆ 45 ನಿಮಿಷ ಜೋರಾಗಿ, ಎರಡು ಗಂಟೆ ಬಿಡುವು, ಮತ್ತೆ 45 ನಿಮಿಷ. ಎರಡನೆಯ ಸುತ್ತಿನ ಮೊದಲ ಹತ್ತು ನಿಮಿಷ ಕಾಲು ಹೇಗೆ ಮರದಂತಾಗುತ್ತದೆ ಎಂಬುದು ಆಗಲೇ ಗೊತ್ತಾಗಿಬಿಡಲಿ.

ಮೊಣಕಾಲು ನೋವೆಂದು ಬರುವ ಸವಾರರಲ್ಲಿ ಅನೇಕರ ಕಾಯಿಲೆ ಮೊಣಕಾಲಿನಲ್ಲಿ ಇರುವುದಿಲ್ಲ, ಸೀಟಿನಲ್ಲಿರುತ್ತದೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತುಳಿದಾಗ ಕಾಲು ಪೂರ್ತಿ ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಅದು ತುಸು ಬಾಗಿ ಸರಿಹೊಂದುತ್ತದೆ. ಕಿರುಬೆರಳು ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತುತ್ತಿದೆ ಎಂದರ್ಥ. ದಪ್ಪ ಕೈಗವಸು ಹಾಕಿ, ಹಿಡಿತವನ್ನು ಆಗಾಗ ಬದಲಿಸಿ.

ಬಿಡುವಿನಲ್ಲಿ ಏನು ಮಾಡಬೇಕು?

ಸರದಿ ಸ್ಪರ್ಧೆ ಗೆಲ್ಲುವುದೂ ಸೋಲುವುದೂ ಬಿಡುವಿನಲ್ಲಿ. ಸುತ್ತು ಮುಗಿಸಿದ ಮೇಲೆ ತಟ್ಟನೆ ಕೂರಬಾರದು. ಕಾಲಿನ ಸ್ನಾಯುಗಳು ಹಿಗ್ಗಿದ ರಕ್ತನಾಳಗಳಿಂದ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಅವು ಒಮ್ಮೆಲೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಹತ್ತು ನಿಮಿಷ ನಿಧಾನ ತುಳಿಯಿರಿ ಇಲ್ಲವೇ ನಡೆದಾಡಿ. ಆಮೇಲೆ ಒದ್ದೆ ಬಟ್ಟೆ ಬದಲಿಸಿ. ಒದ್ದೆ ಚಡ್ಡಿಯಲ್ಲೇ ಕುಳಿತು ಕುಂಡಿಯಲ್ಲಿ ಹುಣ್ಣು ಮಾಡಿಕೊಂಡು ಮೂರನೆಯ ಸುತ್ತಿಗೆ ಸೋಲುವವರೇ ಹೆಚ್ಚು.

ಅರ್ಧ ಗಂಟೆಯೊಳಗೆ ತಿನ್ನಬೇಕು. ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯೇ ಜೋರು ತುಳಿತದ ಇಂಧನ. ಶ್ರಮ ಮುಗಿದ ಕೂಡಲೇ ತಿಂದರೆ ಸ್ನಾಯುಗಳು ಅದನ್ನು ಬೇಗ ತುಂಬಿಕೊಳ್ಳುತ್ತವೆ. 60 ಕೆ.ಜಿ. ತೂಕದವನಿಗೆ ಮೊದಲ ಒಂದು ಗಂಟೆಯಲ್ಲಿ ಸುಮಾರು 60 ಗ್ರಾಂ ಪಿಷ್ಟ, ಸಕ್ಕರೆ ಬೇಕು. ಎರಡು ಪಚ್ಚಬಾಳೆಹಣ್ಣು, ಒಂದು ತುಂಡು ಬೆಲ್ಲದಲ್ಲಿ ಅದು ಬಂದುಬಿಡುತ್ತದೆ. ಅವಲಕ್ಕಿ, ಇಡ್ಲಿ, ಉಪ್ಪು ಹಾಕಿದ ಗಂಜಿ, ಮೊಸರನ್ನ ಎಲ್ಲವೂ ನಡೆಯುತ್ತದೆ. ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಬಜ್ಜಿ ಮಾತ್ರ ಬಹುಮಾನ ವಿತರಣೆಯ ನಂತರವೇ ಇರಲಿ. ಎಣ್ಣೆ ಪದಾರ್ಥ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ಮುಂದಿನ ಸುತ್ತಿನ ಏರಿನಲ್ಲಿ ಅದೇ ಗಂಟಲಿಗೆ ಬರುತ್ತದೆ. ಸಾವಿರ ರೂಪಾಯಿ ಡಬ್ಬಿಯ ಪುಡಿಗಳನ್ನು ತೋರಿಸಿ ಕೇಳುವವರಿಗೆ ನಾನು ಬಾಳೆಹಣ್ಣಿನ ಬೆಲೆ ಕೇಳುತ್ತೇನೆ.

ನೀರಿನ ವಿಷಯದಲ್ಲಿ ಹಳೆಯ ಉಪದೇಶ ಬದಲಾಗಿದೆ. "ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತಲೇ ಇರಿ" ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಬೆವರಿಗಿಂತ ಹೆಚ್ಚು ನೀರು ಕುಡಿದದ್ದೇ ಅದಕ್ಕೆ ಮುಖ್ಯ ಕಾರಣ. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನೋಡಿದವರು ನಿರ್ಜಲೀಕರಣವೆಂದು ಭಾವಿಸಿ ಇನ್ನಷ್ಟು ನೀರು ಕುಡಿಸುತ್ತಾರೆ! ಆದ್ದರಿಂದ ಬಾಯಾರಿಕೆಯನ್ನು ನಂಬಿ. ಬಿಸಿಲಿದ್ದಾಗ ತುಳಿಯುವ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಹೆಚ್ಚಿನವರಿಗೆ ಸಾಕು. ಅಭ್ಯಾಸದ ದಿನ ಹೊರಡುವ ಮುನ್ನ, ಬಂದ ನಂತರ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಚಿಂತೆಯಿಲ್ಲ, ತೂಕ ಏರಿದ್ದರೆ ಹೆಚ್ಚು ಕುಡಿದಿದ್ದೀರಿ. ಬಿಡುವಿನಲ್ಲಿ ಓ.ಆರ್.ಎಸ್. ಕುಡಿಯಬಹುದು, ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚವೆಂದರೆ ಟೀ ಚಮಚ.

ಬಿಸಿಲಿನ ಮಾತೂ ಹೇಳಬೇಕು. ಬೆವರುತ್ತಿದ್ದವನು ತೊದಲತೊಡಗಿದರೆ, ತಂಡದವರ ಹೆಸರು ಮರೆತರೆ, ಹೆಜ್ಜೆ ತಡವರಿಸಿದರೆ ಅದು ಬಿಸಿಲಾಘಾತ ಎಂದೇ ತಿಳಿದು ನೆರಳಿಗೆ ಎಳೆದು ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿಯಬೇಕು, ಗಾಳಿ ಹಾಕಬೇಕು. 108ಕ್ಕೆ ಒಬ್ಬರು ಫೋನ್ ಮಾಡುತ್ತಿರುವಾಗಲೇ ಉಳಿದವರು ನೀರು ಸುರಿಯುತ್ತಿರಬೇಕು. ಆಂಬುಲೆನ್ಸ್ ಬರಲಿ ಎಂದು ಕಾಯುವುದಲ್ಲ. ಎಚ್ಚರ ಸರಿಯಿಲ್ಲದವನ ಬಾಯಿಗೆ ಏನನ್ನೂ ಹಾಕಬೇಡಿ.

ನೋವಿನ ಮಾತ್ರೆ ಮತ್ತು ಮೂತ್ರದ ಬಣ್ಣ

ಮೂರನೆಯ ಸುತ್ತಿಗೆ ಮುನ್ನ ಬ್ರೂಫೆನ್ ಅಥವಾ ಡೈಕ್ಲೋಫಿನಾಕ್ ನುಂಗುವ ಪದ್ಧತಿ ಹಬ್ಬುತ್ತಿದೆ. ಬೆವರಿ ನೀರಿನಂಶ ಇಳಿದಾಗ ಮೂತ್ರಪಿಂಡಗಳಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಆ ರಕ್ತನಾಳಗಳನ್ನು ತೆರೆದಿಡುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಇದರ ಮೇಲೆ, ಅಭ್ಯಾಸವಿಲ್ಲದ ಸ್ನಾಯುಗಳು ಜಜ್ಜಿಹೋಗಿ ಅವುಗಳ ಕೆಂಪು ವರ್ಣದ್ರವ್ಯ ರಕ್ತಕ್ಕೆ ಸೇರಿದರೆ ಮೂತ್ರಪಿಂಡ ಕೆಲಸವನ್ನೇ ನಿಲ್ಲಿಸಬಹುದು. ಸ್ಪರ್ಧೆಯ ದಿನ ಮತ್ತು ಮಾರನೆಯ ದಿನ ಮೂತ್ರದ ಬಣ್ಣ ನೋಡಿಕೊಳ್ಳಿ. ಗಾಢ ಹಳದಿಯಾದರೆ ನೀರು ಸಾಲದು. ಕಪ್ಪು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತೊಡೆ ಊದಿ ಕಲ್ಲಿನಂತಾಗಿದ್ದರಂತೂ ತಡ ಮಾಡಬಾರದು. ಮಾರನೆಯ ದಿನದ ನೋವಿಗೆ "ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ" ಎಂದು ಹೇಳುವುದು ರೂಢಿ. ಆ ಆಮ್ಲ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ನೋವು ಸ್ನಾಯುತಂತುಗಳ ಸೂಕ್ಷ್ಮ ಹರಿತಗಳಿಂದ ಬರುತ್ತದೆ, ಎರಡು ಮೂರನೆಯ ದಿನ ಹೆಚ್ಚಾಗಿ ವಾರದೊಳಗೆ ಮಾಯವಾಗುತ್ತದೆ. ಜ್ವರ ತರಿಸುವುದಿಲ್ಲ. ಈ ಕೊನೆಯ ಮಾತನ್ನು ನಮ್ಮ ಭಾಗದವರು ಚೆನ್ನಾಗಿ ನೆನಪಿಡಬೇಕು.

ಕಾಡಿನ ಉಣುಗು

ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹೆಸರಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದಕ್ಕೆ ಕಾರಣವಾದ ವೈರಸ್ಸನ್ನು ಪತ್ತೆ ಮಾಡಿದರು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಮಾತಿನಲ್ಲಿ ಮಂಗನ ಕಾಯಿಲೆ. 2018ರ ಡಿಸೆಂಬರಿನಿಂದ 2019ರವರೆಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನು ತೆಗೆದದ್ದು ಹಲವರಿಗೆ ನೆನಪಿರಬಹುದು. ರೋಗ ಹರಡುವುದು ಉಣುಗುಗಳಿಂದ. ಎಳ್ಳುಕಾಳಿನಷ್ಟಿರುವ ಮರಿ ಉಣುಗುಗಳು ನವೆಂಬರಿನಿಂದ ಮೇ ತಿಂಗಳವರೆಗೆ ತರಗೆಲೆಗಳ ನಡುವೆ ಹೆಚ್ಚಾಗಿರುತ್ತವೆ. ಮಳೆ ನಿಂತು ನೆಲ ಒಣಗಿ, ಗುಡ್ಡದ ಸೈಕಲ್ಲಿಗೆ ದಾರಿ ಹದವಾಗುವುದೂ ಇದೇ ತಿಂಗಳುಗಳಲ್ಲಿ.

ಸೈಕಲ್ ತುಳಿಯುತ್ತಾ ಸಾಗುವವನಿಗಿಂತ ಕಾಯುತ್ತಾ ಕುಳಿತವನಿಗೆ ಅಪಾಯ ಹೆಚ್ಚು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ತಂಡದ ಮೂವರು ಮರದ ನೆರಳಿನಲ್ಲಿ ತರಗೆಲೆಯ ಮೇಲೆ ಎರಡು ಗಂಟೆ ಅಂಗಾತ ಮಲಗಿರುತ್ತಾರೆ, ಅದೂ ಅರೆಚಡ್ಡಿಯಲ್ಲಿ. ಬಿಡುವಿನ ತಾಣ ಕಾಡಿನಂಚಿನಿಂದ ದೂರ, ಬಯಲಿನಲ್ಲಿರಬೇಕು. ತಿಳಿ ಬಣ್ಣದ ಟಾರ್ಪಾಲು ಹಾಸಿ ಕೂತರೆ ಹತ್ತುವ ಉಣುಗು ಕಣ್ಣಿಗೆ ಬೀಳುತ್ತದೆ. ಆರೋಗ್ಯ ಇಲಾಖೆ ಕಾಡಂಚಿನ ಜನರಿಗೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ; ಬೆವರಿಗೆ ಅಳಿಸಿಹೋಗುವುದರಿಂದ ಪ್ರತಿ ಸುತ್ತಿಗೂ ಮುನ್ನ ಮತ್ತೆ ಹಚ್ಚಬೇಕಾದೀತು. ಅಭ್ಯಾಸದ ದಾರಿ ಗೊತ್ತು ಮಾಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿಂದಿರುಗಿ ಅವರಿಗೆ ತಿಳಿಸಿ.

ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ. ಕಂಕುಳು, ತೊಡೆಸಂದಿ, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ಮತ್ತೊಬ್ಬರಿಂದ ನೋಡಿಸಿ. ಕಚ್ಚಿ ಹಿಡಿದ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಬೆರಳಲ್ಲಿ ಹೊಸಕುವುದು ಬೇಡ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಬರುತ್ತದೆ. ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮೀನಖಂಡಗಳ ಅಸಾಧ್ಯ ನೋವು, ವಾಂತಿ. ಸ್ಪರ್ಧೆಯ ಮೈನೋವು ಇಳಿಯುತ್ತಿರಬೇಕಾದ ದಿನಗಳಲ್ಲಿ ಇದು ಏರುತ್ತದೆ. "ಸೈಕಲ್ ತುಳಿದ ಸುಸ್ತು" ಎಂದು ನೋವಿನ ಮಾತ್ರೆ ನುಂಗಿ ಮಲಗಿದರೆ ಎರಡು ಬಗೆಯ ನಷ್ಟ. ರೋಗ ಗುರುತಿಸುವುದು ತಡವಾಗುತ್ತದೆ. ಪ್ಲೇಟ್‌ಲೆಟ್ ಇಳಿಸುವ ಈ ಕಾಯಿಲೆಯಲ್ಲಿ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫಿನಾಕ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕಾಡಿನಲ್ಲಿ ಸೈಕಲ್ ಓಡಿಸಿದ ದಿನಾಂಕವನ್ನು ವೈದ್ಯರಿಗೆ ತಾವಾಗಿಯೇ ಹೇಳಿ. ಮೊದಲ ವಾರದಲ್ಲಿ ರಕ್ತದ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಜ್ವರ ಬಿಟ್ಟ ಒಂದೆರಡು ವಾರದ ಮೇಲೆ ಕೆಲವರಿಗೆ ತಲೆನೋವು, ಕತ್ತು ಬಿಗಿತ, ನಡುಕ, ಗೊಂದಲದೊಂದಿಗೆ ಎರಡನೆಯ ಬಾರಿ ಜ್ವರ ಬರುವುದುಂಟು. ಸಾವಿನ ಪ್ರಮಾಣ ನೂರಕ್ಕೆ 3ರಿಂದ 5 ಎಂದು ದಾಖಲಾಗಿದೆ. ಇದಕ್ಕೆಂದೇ ಮದ್ದಿಲ್ಲ, ಆದರೆ ಸಕಾಲದಲ್ಲಿ ದಾಖಲಾದವರಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ. ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಎಂದೋ ಚುಚ್ಚಿಸಿಕೊಂಡ ಧೈರ್ಯದ ಮೇಲೆ ಕಾಡಿಗೆ ಹೋಗುವುದು ಸರಿಯಲ್ಲ. ಅಂದಹಾಗೆ ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ, ಮನೆಯವರು ದೂರ ಸರಿಯಬೇಕಾಗಿಲ್ಲ.

ಬಿದ್ದರೆ

ಏರಿನಲ್ಲಿ ಬಿದ್ದವನಿಗೆ ಮೊಣಕೈ ತರಚುತ್ತದೆ, ಇಳಿಜಾರಿನಲ್ಲಿ ಬಿದ್ದವನಿಗೆ ಕೊರಳೆಲುಬು ಮುರಿಯುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ಮೇಲಿನ ಸಣ್ಣ ಕೆಂಪು ಹರಳುಗಳು ಒಣಗಿದಾಗ ಗೋಲಿಯಂತೆ ಜಾರುತ್ತವೆ. ಹೆಲ್ಮೆಟ್ ಇಲ್ಲದೆ ಕೆರೆ ಏರಿಯ ಮೇಲೂ ಓಡಿಸಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಸ್ಪರ್ಧೆಗೆ ಮೊದಲೇ ಆಗಿರಲಿ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದವನು "ಏನೂ ಆಗಿಲ್ಲ" ಎಂದರೂ ಆ ದಿನ ಅವನ ಸ್ಪರ್ಧೆ ಮುಗಿಯಿತು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ಸ್ಕ್ಯಾನ್ ಇರುವಲ್ಲಿಗೆ ಒಯ್ಯಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ಆದ್ದರಿಂದ ರಾತ್ರಿಯವರೆಗೆ ಕಾದು ನೋಡುವ ಲೆಕ್ಕಾಚಾರ ನಮಗೆ ಹೊಂದುವುದಿಲ್ಲ. ಹಳ್ಳಿದಾರಿಯಲ್ಲಿ ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದು ಶುರು ಮಾಡಬೇಕು, ತರಚಿದಷ್ಟೇ ಗಾಯವಾದರೂ.

ಸ್ಪರ್ಧೆ ಮುಗಿದ ರಾತ್ರಿ ಮನೆಗೆ ಹೇಗೆ ಬರುತ್ತೀರಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. 12 ಗಂಟೆ ದಣಿದು, ನಿದ್ದೆಗೆಟ್ಟು ಸ್ಟೀರಿಂಗ್ ಹಿಡಿದವನು ಕುಡಿದು ಓಡಿಸುವವನಿಗಿಂತ ಮೇಲಲ್ಲ. ಸ್ಪರ್ಧೆಯಲ್ಲಿಲ್ಲದ ಒಬ್ಬ ತಮ್ಮನನ್ನೋ ಗೆಳೆಯನನ್ನೋ ಗಾಡಿ ಓಡಿಸಲು ಕರೆದೊಯ್ಯಿರಿ. ಇಲ್ಲದಿದ್ದರೆ ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ಮನೆಗೆ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನಿಂದ 14ನೆಯ ದಿನಕ್ಕೆ ಒಂದು ಗುರುತು ಹಾಕಿ. ಅಷ್ಟರೊಳಗೆ ಜ್ವರ ಬಂದರೆ ಏನು ಹೇಳಬೇಕೆಂಬುದು ಮನೆಯಲ್ಲಿ ಅಮ್ಮನಿಗೋ ಹೆಂಡತಿಗೋ ತಿಳಿದಿರಲಿ.